ಪಕ್ಕವಾದ್ಯದ ಬಿಲ್ಲಿ

ಸಂಗೀತ ಕಚೇರಿಗೆ ಹೋದರೆ ನನ್ನ ಕಣ್ಣು ಮೊದಲು ಹೋಗೋದು ಪಕ್ಕವಾದ್ಯದವರ ಕಡೆಗೆ. ಅದಕ್ಕೇ ಇರಬೇಕು, ಬೀಟಲ್ಸ್ ಕೇಳುವಾಗಲೂ ಕಿವಿ ನಿಲ್ಲೋದು ಬಿಲ್ಲಿ ಪ್ರೆಸ್ಟನ್ ಹತ್ತಿರ.

ಹುಟ್ಟಿದ್ದು 1946ರಲ್ಲಿ, ಅಮೆರಿಕದ ಹ್ಯೂಸ್ಟನ್‌ನಲ್ಲಿ. ಬೆಳೆದದ್ದು ಲಾಸ್ ಏಂಜಲೀಸ್‌ನಲ್ಲಿ, ಚರ್ಚಿನ ಆರ್ಗನ್ ಮುಂದೆ. ಹತ್ತು ವರ್ಷಕ್ಕೇ ಗಾಸ್ಪೆಲ್ ಗಾಯಕಿ ಮಹಾಲಿಯಾ ಜಾಕ್ಸನ್‌ಗೆ ಆರ್ಗನ್ ನುಡಿಸಿದ ಹುಡುಗ! ಗಾಸ್ಪೆಲ್ ಹಾಡು ಮುಗಿಯೋದು ಹಾಡುವವರಿಗೆ ಸಾಕೆನಿಸಿದಾಗ. ಅಲ್ಲೀತನಕ ಆರ್ಗನ್ ನುಡಿಸುವವನು ಮೈಯೆಲ್ಲಾ ಕಿವಿಯಾಗಿರಬೇಕು.

1969ರ ಜನವರಿಯಲ್ಲಿ, ಲಂಡನ್ನಿನಲ್ಲಿ, ಜಗಳವಾಡಿ ಬೇಸತ್ತಿದ್ದ ಬೀಟಲ್ಸ್ ನಡುವೆ ಕೂತು ನುಡಿಸಿದ. ‘ಗೆಟ್ ಬ್ಯಾಕ್’ ರೆಕಾರ್ಡಿನ ಮೇಲೆ ಅವರ ಜೊತೆ ಇವನ ಹೆಸರೂ ಅಚ್ಚಾಯಿತು.

1971ರ ಆಗಸ್ಟ್ 1, ನ್ಯೂಯಾರ್ಕ್. ರವಿಶಂಕರ್ ಕೇಳಿಕೊಂಡಿದ್ದಕ್ಕೆ ಜಾರ್ಜ್ ಹ್ಯಾರಿಸನ್ ಏರ್ಪಡಿಸಿದ ಬಾಂಗ್ಲಾದೇಶ ಸಹಾಯಾರ್ಥ ಕಾರ್ಯಕ್ರಮ. ದೇವರ ಹಾಡು ಹಾಡ್ತಾ ಹಾಡ್ತಾ ಬಿಲ್ಲಿ ಆರ್ಗನ್ ಬಿಟ್ಟೆದ್ದು ಕುಣಿದೇಬಿಟ್ಟ!

1973, 1974ರಲ್ಲಿ ಅವನ ಸ್ವಂತ ಹಾಡುಗಳೇ ಅಮೆರಿಕದಲ್ಲಿ ನಂಬರ್ ಒನ್ ಆದವು. ಆದರೂ ಜನ ನೆನೆಯೋದು ಬೀಟಲ್ಸ್ ಪಕ್ಕ ಕೂತವನೆಂದೇ. ತೀರಿಕೊಂಡದ್ದು 2006ರಲ್ಲಿ, ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಕರೆದು ಕೂರಿಸಿದ್ದು 2021ರಲ್ಲಿ. ಹದಿನೈದು ವರ್ಷ ತಡ...

ಪಕ್ಕದಲ್ಲಿ ಕೂತವರಿಗೆ ಚಪ್ಪಾಳೆ ಯಾಕೆ ಯಾವಾಗಲೂ ತಡವಾಗಿ ಕೇಳಿಸುತ್ತೆ? ನೀವೇನಂತೀರಿ?