ಬಾಗಿನವೂ ಭಾಗವೂ

ಭಾದ್ರಪದ ಶುದ್ಧ ತದಿಗೆಗೆ ಇನ್ನೂ ಎಂಟು ದಿನಗಳಿರುವಾಗಲೇ ನಮ್ಮ ಹಳ್ಳಿಯ ಮನೆಯ ಹಜಾರದಲ್ಲಿ ಹೊಸ ಮೊರಗಳು ಮೂರು ಜೊತೆ ಬಂದು ಕುಳಿತವೆಂದರೆ, ತಂದೆಯವರು ಅರಸೀಕೆರೆಗೆ ಹೋಗಿ ರೈಲು ಹತ್ತುವ ದಿನ ಸಮೀಪಿಸಿತೆಂಬುದು ಮಕ್ಕಳಾದ ನಮಗೆ ತಾನಾಗಿಯೇ ತಿಳಿಯುತ್ತಿದ್ದಿತು. ಸೋದರತ್ತೆಯರಲ್ಲಿ ಹಿರಿಯರು ಹಾಸನದಲ್ಲಿಯೂ, ಉಳಿದಿಬ್ಬರು ತಿಪಟೂರು ಕಡೂರುಗಳಲ್ಲಿಯೂ ಇದ್ದರು. ಮೇದರರು ಬಿದಿರು ಸೀಳಿ ಹೆಣೆದ ಆ ಮೊರಗಳನ್ನು ತಾಯಿಯವರು ತೊಳೆದು, ಅರಿಶಿನ ಬಳಿದು, ನೆರಳಿನಲ್ಲಿ ಒಣಗಿಸಿ, ಕುಂಕುಮದ ಬೊಟ್ಟಿಟ್ಟು, ಅಕ್ಕಿ, ತೊಗರಿಬೇಳೆ, ಬೆಲ್ಲದಚ್ಚು, ತೆಂಗಿನಕಾಯಿ, ರವಿಕೆಯ ಕಣ, ಬಳೆ, ಬಿಚ್ಚೋಲೆ, ಕರಿಮಣಿ, ಅಂಗೈಯಗಲದ ಕನ್ನಡಿ, ಬಾಚಣಿಗೆ ಇವನ್ನೆಲ್ಲ ಒಂದರಲ್ಲಿ ಜೋಡಿಸಿ, ಇನ್ನೊಂದನ್ನು ಅದರ ಮೇಲೆ ಕವುಚಿ ಕಟ್ಟಿದರೆಂದರೆ ತವರಿನ ಬಾಗಿನವು ಪ್ರಯಾಣಕ್ಕೆ ಸಿದ್ಧವಾದಂತೆಯೇ. ಹಬ್ಬ ಕಳೆದ ಮೇಲೆ ಆ ಮೊರಗಳು ವರ್ಷವಿಡೀ ಅತ್ತೆಯರ ಮನೆಯಲ್ಲಿ ಅಕ್ಕಿ ಕೇರುತ್ತಿದ್ದುವು. ಅರಿಶಿನದ ಬಣ್ಣ ಪೂರ್ತಿ ಮಾಸುವಷ್ಟರಲ್ಲಿ ಮತ್ತೆ ಭಾದ್ರಪದ ಬರುತ್ತಿದ್ದಿತು.

ತಂದೆಯವರ ಮೊಣಕಾಲು ಸೋತ ವರ್ಷ ಬಾಗಿನವು ಮನಿಯಾರ್ಡರಾಯಿತು. 1880ರಿಂದ ಈ ದೇಶದ ಅಂಚೆಯವರು ನಡೆಸಿಕೊಂಡು ಬಂದಿದ್ದ ಆ ವ್ಯವಸ್ಥೆ ನಮ್ಮ ಮನೆಗೆ ತಡವಾಗಿಯೇ ಪ್ರವೇಶಿಸಿತೆನ್ನಬೇಕು. ಫಾರಮಿನ ಕೆಳತುದಿಯಲ್ಲಿ ಎರಡು ಸಾಲು ಬರೆಯುವುದಕ್ಕೆ ಅವಕಾಶವಿದ್ದಿತು. ಅಕ್ಷರ ದುಂಡಾಗಿದ್ದ ಕಾರಣ ಆ ಕೆಲಸ ನನ್ನ ಪಾಲಿಗೆ ಬಂದು, ‘ಗೌರಿ ಹಬ್ಬದ ಅರಿಶಿನ ಕುಂಕುಮಕ್ಕೆ. ಇಲ್ಲಿ ಎಲ್ಲರೂ ಕ್ಷೇಮ’ ಎಂದು ಮೂರು ಸಲ ಬರೆದು ಮುಗಿಸಿದರೆ, ತಂದೆಯವರು ‘ಹಸು ಕರು ಹಾಕಿದ್ದನ್ನೂ ಬರಿ’ ಎನ್ನುತ್ತಿದ್ದರು. ಅತ್ತೆಯರು ರುಜು ಮಾಡಿದ ರಸೀತಿ ಹಿಂದಿರುಗಿ ಬರುವವರೆಗೆ ಅವರಿಗೆ ಸಮಾಧಾನವಿರಲಿಲ್ಲ. ಒಂದು ವರ್ಷ ಹಾಸನದ ಹಣ ಗಣಪತಿಯನ್ನು ಬಿಟ್ಟ ಮೇಲೆ ತಲುಪಿತು. ಅತ್ತೆ ಜಗಳವಾಡಲಿಲ್ಲ, ಮುಂದಿನ ದೀಪಾವಳಿಗೆ ತಾವೇ ಬಂದು, ‘ಅಣ್ಣ, ಈ ಸಲ ಗೌರಿ ನಮ್ಮನೇಲಿ ತವರಿಲ್ಲದವಳ ಹಾಗೆ ಕೂತಿದ್ದಳು’ ಎಂದಿಷ್ಟೇ ಹೇಳಿದರು. ತಂದೆಯವರು ಆ ದಿನ ಊಟಕ್ಕೆ ತಡವಾಗಿ ಎದ್ದರು.

ತಂದೆಯವರ ತರುವಾಯ ನನ್ನ ಇಬ್ಬರು ತಂಗಿಯರಿಗೆ ಕಳುಹಿಸುವ ಸರದಿ ನನ್ನದಾಯಿತು. ಅಷ್ಟರಲ್ಲಿ ಅಕ್ಕಿಯು ಕಲ್ಲುನೆಲ್ಲುಗಳಿಲ್ಲದೆ ಚೀಲದಲ್ಲಿ ಬರತೊಡಗಿದ್ದಿತು. ಕೇರುವ ಕೆಲಸವೇ ಇಲ್ಲದ ಮೇಲೆ ಮೊರವು ಕುಗ್ಗುತ್ತ ಕುಗ್ಗುತ್ತ, ಒಂದು ಹಿಡಿ ಅಕ್ಕಿಯನ್ನೂ ಕೇರಲಾಗದ ಆಟಿಕೆಯಾಗಿ, ಬಾಗಿನಕ್ಕಲ್ಲದೆ ಬೇರಾವುದಕ್ಕೂ ಬಾರದಂತಾಯಿತು. ಪ್ಲಾಸ್ಟಿಕ್ಕಿನ ಮೊರವನ್ನೂ ಕಂಡಿದ್ದೇನೆ. ಅದರ ವಿಷಯದಲ್ಲಿ ಮೌನವೇ ಲೇಸು.

ತಂದೆಯವರ ಪೆಟ್ಟಿಗೆಯಲ್ಲಿ ನನಗೊಂದು ಹಕ್ಕುಬಿಡುಗಡೆ ಪತ್ರ ದೊರೆಯಿತು. ಮೂವರು ಅತ್ತೆಯರೂ ‘ಅರಿಶಿನ ಕುಂಕುಮಕ್ಕೆಂದು’ ಅಲ್ಪ ಮೊತ್ತವನ್ನು ಪಡೆದು, ಪಿತ್ರಾರ್ಜಿತದಲ್ಲಿ ತಮಗಿದ್ದ ಹಕ್ಕನ್ನು ಬಿಟ್ಟುಕೊಟ್ಟಿದ್ದರು. ಮನಿಯಾರ್ಡರಿನ ಮೇಲೆ ಬಾಲ್ಯದಲ್ಲಿ ನಾನು ಬರೆಯುತ್ತಿದ್ದ ಶಬ್ದಗಳೇ ಛಾಪಾ ಕಾಗದದ ಮೇಲೂ ಇದ್ದುದನ್ನು ಕಂಡು ನನಗೆ ಕ್ಷಣಕಾಲ ನಾಚಿಕೆಯಾಯಿತು. ತಂದೆಯವರ ವಾತ್ಸಲ್ಯ ಕಪಟವಾಗಿರಲಿಲ್ಲ, ಅದನ್ನು ನಾನು ಬಲ್ಲೆ. ಆದರೆ ಹೊಲ ಉಳಿದುದು ನಮ್ಮ ಕಡೆಗೇ. 1994ರಲ್ಲಿ ಕರ್ನಾಟಕವು ಕಾನೂನನ್ನು ತಿದ್ದಿ, ಆಗಿನ್ನೂ ಮದುವೆಯಾಗದಿದ್ದ ಹೆಣ್ಣುಮಕ್ಕಳನ್ನು ಅವಿಭಕ್ತ ಕುಟುಂಬದ ಸಮಭಾಗಿಗಳನ್ನಾಗಿಸಿದ್ದಿತು. 2005ರ ಕೇಂದ್ರದ ತಿದ್ದುಪಡಿಯು ವಿವಾಹಿತೆ ಅವಿವಾಹಿತೆಯೆಂಬ ಭೇದವನ್ನೂ ಅಳಿಸಿತು. ಕಿರಿಯ ತಂಗಿ ಭಾಗ ಕೇಳಿದಳು. ಬಂಧುಗಳು ಅವಳಿಗೆ ‘ಇನ್ನು ತವರು ಮುಗಿಯಿತು’ ಎಂದು ಹೆದರಿಸಿದರಂತೆ. ನಾನು ಆ ವರ್ಷ ಮುನಿಸಿನಿಂದ ಹಬ್ಬದ ಹಣ ಕಳುಹಿಸದೆ ಸುಮ್ಮನಿದ್ದುದನ್ನು ಇಲ್ಲಿ ಮರೆಮಾಚಲಾರೆ. ಚೌತಿಯ ಸಂಜೆ ಅವಳಿಂದ ಫೋನು: ‘ಅಣ್ಣ, ಭಾಗ ಬೇರೆ, ಬಾಗಿನ ಬೇರೆ. ಭಾಗಕ್ಕೆ ಕಾನೂನಿದೆ. ಬಾಗಿನಕ್ಕೆ ನೀನೇ ಅಲ್ಲವಾ?’

ಮರುವರ್ಷವೇ ಇಬ್ಬರು ತಂಗಿಯರಿಗೂ ಅವರವರ ಭಾಗ ನೋಂದಣಿಯಾಯಿತು. ಈಗ ನನ್ನ ಮಗ ತನ್ನ ಅಕ್ಕನಿಗೆ ಮೊಬೈಲಿನಿಂದ ಹಣ ಕಳುಹಿಸುತ್ತಾನೆ. ನಿಮಿಷವೂ ಹಿಡಿಯದು, ಕಮಿಷನ್ ಇಲ್ಲ, ತಡವೂ ಇಲ್ಲ. ಎರಡು ಸಾಲು ಬರೆಯಲು ಅಲ್ಲಿಯೂ ಸ್ಥಳವಿದೆಯಂತೆ, ಅವನು ಬರೆದುದನ್ನು ನಾನು ಕಂಡಿಲ್ಲ. ಕಿರಿಯ ತಂಗಿ ಮಾತ್ರ ಹಣವನ್ನು ಒಪ್ಪುವುದಿಲ್ಲ. ಅಳತೆಗೆ ಸರಿಯಾದ ಹಳೆಯ ಬಗೆಯ ಮೊರವೇ ಬೇಕು, ಅದೂ ನಾನೇ ತರಬೇಕು ಎನ್ನುತ್ತಾಳೆ. ಮೇದರರಲ್ಲಿ ಮುಂಗಡವಾಗಿ ಹೇಳಿಟ್ಟು, ನನ್ನ ಮೊಣಕಾಲುಗಳೂ ತಂದೆಯವರವುಗಳಂತೆಯೇ ಆಗಿದ್ದರೂ, ಪ್ರತಿವರ್ಷ ಒಂದು ಜೊತೆ ಹೊತ್ತುಕೊಂಡು ಹೋಗುತ್ತಲಿದ್ದೇನೆ.