ಮಣ್ಣು ಅಳೆದ ಮೇಲೂ ಮುಖ ಯಾಕೆ?

ಕೆಲಸದ ಜಾಗದ ನಿಗಾ ಎಂದೊಡನೆ ವಿಶ್ವವಿದ್ಯಾಲಯದ ಗೆಳೆಯರು ಬೆಂಗಳೂರಿನ ಐಟಿ ಕಂಪನಿಗಳ ಮಾತು ತೆಗೆಯುತ್ತಾರೆ. ನನಗೆ ಮಾತ್ರ ಬಾದಾಮಿ ತಾಲೂಕಿನಲ್ಲಿ ಕೆರೆ ಹೂಳೆತ್ತಲು ಹೋಗುತ್ತಿದ್ದ ನಮ್ಮ ಚಿಕ್ಕವ್ವ ನೆನಪಾಗುತ್ತಾಳೆ.

ಉದ್ಯೋಗ ಖಾತ್ರಿಯಲ್ಲಿ, ವೈಯಕ್ತಿಕ ಕಾಮಗಾರಿಗಳನ್ನು ಬಿಟ್ಟು ಉಳಿದೆಡೆ, 2023ರ ಜನವರಿ 1ರಿಂದ ಎನ್‌ಎಂಎಂಎಸ್ ಆ್ಯಪಿನ ಹಾಜರಿ ಕಡ್ಡಾಯವಾಯಿತು. ದಿನಕ್ಕೆ ಎರಡು ಫೋಟೋ, ಜೊತೆಗೆ ಸ್ಥಳ ಮತ್ತು ಸಮಯದ ಗುರುತು. ಮೊದಲ ಫೋಟೋ ತೆಗೆದು ನಾಲ್ಕು ತಾಸು ಕಳೆದ ಮೇಲೆಯೇ ಎರಡನೆಯದು. ಬೇಸಿಗೆಯಲ್ಲಿ ನಸುಕಿಗೇ ಹೋಗಿ ತನ್ನ ಪಾಲಿನ ಮಣ್ಣು ಕಡಿದು ಮುಗಿಸಿದರೂ ಚಿಕ್ಕವ್ವ ಮನೆಗೆ ಬರುವಂತಿರಲಿಲ್ಲ. ‘ಕೆಲಸ ಮುಗದೈತಿ, ಫೋಟೋ ಮುಗದಿಲ್ಲ’ ಅನ್ನುತ್ತಿದ್ದಳು. ಬಿಸಿಲಿಗೆಂದು ಹೊದ್ದ ಸೆರಗನ್ನು ಮುಖ ಕಾಣಲೆಂದು ಸರಿಸಬೇಕಿತ್ತು. ಆ ಫೋಟೋಗಳನ್ನು ಯೋಜನೆಯ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು ಎಂದು ನಾನು ಮೊಬೈಲಿನಲ್ಲಿ ತೋರಿಸಿದ ದಿನ ಆಕೆ ಬಹಳ ಹೊತ್ತು ಸುಮ್ಮನೆ ಕೂತಿದ್ದಳು.

ಸೋಜಿಗವೆಂದರೆ, ಇಂಥ ಕೆಲಸದಲ್ಲಿ ಕೂಲಿ ನಿರ್ಧಾರವಾಗುವುದು ಕಡಿದ ಮಣ್ಣಿನ ಮೇಲೆ. ಎಂಜಿನಿಯರ್ ಬಂದು ಅಳೆದು ಅಳತೆ ಪುಸ್ತಕದಲ್ಲಿ ಬರೆಯುತ್ತಾರೆ. ಹಾಗಿದ್ದರೆ ಮುಖ ಯಾಕೆ ಬೇಕು? ಸುಳ್ಳು ಹಾಜರಿ ತಡೆಯಲು ಎನ್ನುತ್ತಾರೆ. ಸುಳ್ಳು ಹಾಜರಿ ಇರಲಿಲ್ಲವೆಂದು ನಾನೂ ಹೇಳಲಾರೆ. ಆದರೆ ಆ್ಯಪು ಬಂದ ಮೇಲೂ ಸಂಬಂಧವಿಲ್ಲದ ಫೋಟೋಗಳು, ಫೋಟೋದ ಫೋಟೋಗಳು ಹಾಜರಿಯಾಗಿ ಏರುತ್ತಿವೆ ಎಂದು 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆಯಲ್ಲಿ ಒಪ್ಪಿಕೊಂಡಿತು. ಕದಿಯುವವರು ದಾರಿ ಹುಡುಕಿಕೊಂಡರು. ದುಡಿದವರು ಬಿಸಿಲಲ್ಲಿ ನಿಂತರು.

ಇಳಕಲ್ಲಿನಲ್ಲಿ ಮನೆಯ ಮಗ್ಗಕ್ಕೆ ಕೂತ ನೇಕಾರರ ಹತ್ತಿರ ಸಾಹುಕಾರರು ಸೀರೆ ಕೇಳುತ್ತಾರೆ. ಒಡಲಿಗೂ ಸೆರಗಿಗೂ ಹಾಕಿದ ಕೊಂಡಿ ಸರಿಯಿದೆಯೇ ನೋಡಿ ಮಜೂರಿ ಕೊಡುತ್ತಾರೆ. ಆ ಮಜೂರಿ ಸಾಲುವುದಿಲ್ಲ ಎಂಬ ಜಗಳ ಬೇರೆ. ಆದರೆ ಅಲ್ಲಿ ಪರೀಕ್ಷೆಗೆ ಒಳಗಾಗುವುದು ಸೀರೆ, ನೇಕಾರರ ಮುಖವಲ್ಲ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ತೀರ್ಪಿತ್ತದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ್ದ ಪ್ರಕರಣದಲ್ಲಿ. ಮನುಷ್ಯರ ಘನತೆಯೇ ಆ ತೀರ್ಪಿನ ತಿರುಳು. ಘನತೆಗೆ ಕಚೇರಿ, ಕೆರೆ ಎಂಬ ಭೇದವಿಲ್ಲ.

ಕಳ್ಳತನ ಹಿಡಿಯಲು ಉದ್ಯೋಗ ಖಾತ್ರಿ ಕಾಯ್ದೆಯಲ್ಲೇ ಒಂದು ದಾರಿಯಿತ್ತು: ಗ್ರಾಮಸಭೆ ನಡೆಸುವ ಸಾಮಾಜಿಕ ಲೆಕ್ಕಪರಿಶೋಧನೆ. ಯಾರು ಕೆರೆಗೆ ಬಂದಿದ್ದರು, ಯಾರು ಬರಲಿಲ್ಲ ಎಂಬುದು ಊರಿಗೆ ಗೊತ್ತಿರುತ್ತದೆ. ಅಲ್ಲಿ ಕೂಲಿಕಾರರು ಎದ್ದು ನಿಂತು ಬಿಲ್ಲು ಬರೆದವರನ್ನು ಪ್ರಶ್ನಿಸಬಹುದು. ಆ್ಯಪಿನೊಳಗೆ ಪ್ರಶ್ನೆ ಕೇಳಲು ಜಾಗವಿಲ್ಲ.