ಕಸ ಹೊತ್ತರೆ ಆರು ಅಂಕ

ನೈರೋಬಿ ಎಂದೊಡನೆ ನಮ್ಮವರಿಗೆ ನೆನಪಾಗುವುದು ಸಿಂಹ, ಜಿರಾಫೆ. ನಗರಕ್ಕೆ ಅಂಟಿಕೊಂಡೇ ರಾಷ್ಟ್ರೀಯ ಉದ್ಯಾನವಿದೆ. ವಿಮಾನ ಇಳಿದ ಪ್ರವಾಸಿಗರು ನೇರ ಅತ್ತ ಹೊರಡುತ್ತಾರೆ. ಪೇಟೆಯಿಂದ ಈಶಾನ್ಯಕ್ಕೆ ನಾಲ್ಕೈದು ಕಿಲೋಮೀಟರ್ ದೂರದ ಮಥಾರೆ ಕಣಿವೆಯತ್ತ ಹೋಗುವವರು ಕಡಿಮೆ. ಕಿವಿಗಡಚಿಕ್ಕುವ ಸಂಗೀತ ಹಾಕಿಕೊಂಡು ಓಡುವ ‘ಮಟಾಟು’ ಎಂಬ ವ್ಯಾನು ಹತ್ತಿದರೆ ಬೇಗನೆ ತಲುಪಬಹುದು. ಆದರೆ ಸ್ಥಳೀಯರೊಬ್ಬರು ಜೊತೆಗಿರುವುದು ಒಳ್ಳೆಯದು.

ಮಥಾರೆ ಒಂದು ಕಾಲಕ್ಕೆ ಕಲ್ಲಿನ ಕ್ವಾರಿ. ಕಲ್ಲು ತೆಗೆದ ಇಳಿಜಾರಿನಲ್ಲಿ, ನದಿಯ ದಂಡೆಯುದ್ದಕ್ಕೂ, ತುಕ್ಕು ಹಿಡಿದ ತಗಡಿನ ಮನೆಗಳು ಒಂದರ ಹೆಗಲ ಮೇಲೊಂದು ಕೂತಂತೆ ಇವೆ. ನಡುವೆ ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒರಗಿ ನಿಲ್ಲಬೇಕಾದ ಓಣಿಗಳು. ಓಣಿಯ ಮಧ್ಯದಲ್ಲೇ ಚರಂಡಿ. ಕುಡಿಯುವ ನೀರನ್ನು ಡಬ್ಬಕ್ಕಿಷ್ಟು ಎಂದು ಹಣ ಕೊಟ್ಟು ತರಬೇಕು. ಇಂಥ ಜಾಗದಲ್ಲಿ ಲಕ್ಷಗಟ್ಟಲೆ ಜನರ ಸಂಸಾರ.

ಇಲ್ಲಿನ ಹುಡುಗರ ಚೆಂಡಿಗೆ ಅದರದೇ ಚರಿತ್ರೆಯಿದೆ. ಪ್ಲಾಸ್ಟಿಕ್ ಚೀಲಗಳನ್ನು ಒಂದರೊಳಗೊಂದು ತುರುಕಿ, ಮೇಲೆ ಹುರಿ ಬಿಗಿದರೆ ಚೆಂಡಾಯಿತು. ಚೀಲಕ್ಕೆ ಸ್ವಾಹಿಲಿಯಲ್ಲಿ ‘ಜುವಾಲ’ ಎನ್ನುತ್ತಾರೆ. ಚೆಂಡಿಗೂ ಅದೇ ಹೆಸರು. ಕೆನ್ಯಾ ಸರ್ಕಾರ 2017ರಲ್ಲಿ ಪ್ಲಾಸ್ಟಿಕ್ ಚೀಲಗಳನ್ನೇ ನಿಷೇಧಿಸಿತು. ಪರಿಸರಕ್ಕೆ ಒಳ್ಳೆಯದಾಯಿತು, ಚೆಂಡು ಕಟ್ಟುವ ಹುಡುಗರಿಗೆ ತುಸು ಪೀಕಲಾಟವಾಯಿತು ಎನ್ನಬೇಕು.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಕೇಂದ್ರ ಕಚೇರಿ ಇರುವುದು ಇದೇ ನೈರೋಬಿಯಲ್ಲಿ. ಪರಿಸರ ಸಲಹೆಗಾರರಾಗಿದ್ದ ಕೆನಡಾ ದೇಶದ ಬಾಬ್ ಮನ್ರೋ, ಜುವಾಲ ಚೆಂಡಿನ ಹಿಂದೆ ಬರಿಗಾಲಲ್ಲಿ ಓಡುತ್ತಿದ್ದ ಮಕ್ಕಳನ್ನು ಕಂಡು 1987ರಲ್ಲಿ ಮಥಾರೆ ಯೂತ್ ಸ್ಪೋರ್ಟ್ಸ್ ಅಸೋಸಿಯೇಷನ್ ಕಟ್ಟಲು ಮುಂದಾದರು. ಜನರ ಬಾಯಲ್ಲಿ ಅದು ‘ಮೈಸಾ’. ನಿಜವಾದ ಚೆಂಡು, ಸೀಟಿ ಊದಲು ರೆಫರಿ, ಪಟ್ಟಿ ಬರೆದ ಲೀಗ್ ಪಂದ್ಯಗಳು ಎಲ್ಲವೂ ಸಿಗುತ್ತವೆ. ಆದರೆ ಬಿಟ್ಟಿಯಾಗಿ ಅಲ್ಲ. ಆಟಗಾರರೆಲ್ಲ ಸಲಿಕೆ, ಕುಂಟೆ, ಕೈಗಾಡಿ ಹಿಡಿದು ತಮ್ಮ ಬಡಾವಣೆಯ ಕಸ ತೆಗೆಯಬೇಕು, ಚರಂಡಿ ಬಿಡಿಸಬೇಕು.

ಲೀಗಿನ ಲೆಕ್ಕಾಚಾರ ನೋಡಿದರೆ ಇದರ ತೂಕ ಗೊತ್ತಾಗುತ್ತದೆ. ಪಂದ್ಯ ಗೆದ್ದರೆ 3 ಅಂಕ. ಒಂದು ಸ್ವಚ್ಛತಾ ಕೆಲಸ ಮುಗಿಸಿದರೆ 6 ಅಂಕ! ಗೋಲುಗಳ ಸುರಿಮಳೆ ಸುರಿಸಿದ ತಂಡವೂ ಕಸಕ್ಕೆ ಚಕ್ಕರ್ ಹೊಡೆದರೆ ಪಟ್ಟಿಯಲ್ಲಿ ಕೆಳಗೆ ಜಾರುತ್ತದೆ. ಮೈದಾನದೊಳಗಿನ ಕಟ್ಟಳೆಯೂ ಸೊಗಸಾಗಿದೆ. ನಾಯಕನ ಹೊರತು ಯಾರೂ ರೆಫರಿಯೊಡನೆ ವಾದಿಸುವಂತಿಲ್ಲ. ವಾದಕ್ಕಿಳಿದವನು ಹೊರನಡೆಯಬೇಕು, ಕಿರಿಯರ ಪಂದ್ಯಗಳಿಗೆ ತಾನೇ ರೆಫರಿಯಾಗಿ ಬೈಗುಳ ಕೇಳಿಸಿಕೊಂಡ ಮೇಲೆಯೇ ಅವನಿಗೆ ಮತ್ತೆ ಆಟ.

ಪೋಷಕರು ಮುಖ್ಯವಾಗಿ ಗಮನಿಸಬೇಕಾದದ್ದು ಶಾಲೆಯ ಶುಲ್ಕದ ವಿಷಯ. ಕೆನ್ಯಾದಲ್ಲಿ 2003ರಿಂದ ಪ್ರಾಥಮಿಕ ಶಿಕ್ಷಣಕ್ಕೆ ಶುಲ್ಕವಿಲ್ಲ. ಆದರೆ ಪ್ರೌಢಶಾಲೆಯ ಮೆಟ್ಟಿಲಲ್ಲಿ ಬಡವರ ಮಕ್ಕಳು ಎಡವುತ್ತಾರೆ. ಸಮವಸ್ತ್ರ, ಪುಸ್ತಕ, ಮತ್ತಿತರ ಖರ್ಚು ಕೂಲಿಯವರ ಕೈಗೆ ಎಟುಕುವುದಿಲ್ಲ. ಮೈಸಾ ಕೊಡುವ ನಾಯಕತ್ವ ಪುರಸ್ಕಾರದ ಹಣ ನೇರವಾಗಿ ಶಾಲೆಗೆ ಸಂದಾಯವಾಗುತ್ತದೆ. ಅದು ಸಿಗುವುದು ಹೆಚ್ಚು ಗೋಲು ಹೊಡೆದವನಿಗಲ್ಲ. ಚಿಕ್ಕವರಿಗೆ ಆಟ ಕಲಿಸಿದ್ದಕ್ಕೆ, ಸೀಟಿ ಊದಿದ್ದಕ್ಕೆ, ಕಸ ಹೊತ್ತದ್ದಕ್ಕೆ, ಸಭೆಗೆ ಬಂದದ್ದಕ್ಕೆ ಒಂದೊಂದು ಅಂಕ ಕೂಡುತ್ತಾ ಹೋಗುತ್ತದೆ. ಕಾಲಲ್ಲಿ ಚಮತ್ಕಾರವಿಲ್ಲದ ಹುಡುಗನೂ, ಹುಡುಗಿಯೂ ದುಡಿದು ಓದಿನ ದಾರಿ ಮಾಡಿಕೊಳ್ಳಬಹುದು. ಪರೀಕ್ಷೆ ಹತ್ತಿರ ಬಂತೆಂದು ಪಿ.ಟಿ. ಪೀರಿಯಡ್ಡನ್ನು ಗಣಿತಕ್ಕೆ ಕೊಟ್ಟುಬಿಡುವ ನಮ್ಮ ಶಾಲೆಗಳಿಗೆ ಈ ಲೆಕ್ಕ ವಿಚಿತ್ರವಾಗಿ ಕಾಣಬಹುದು.

ಹುಡುಗಿಯರ ಆಟ ಶುರುವಾದದ್ದು 1992ರಲ್ಲಿ. ಅದು ಸುಲಭವಾಗಿರಲಿಲ್ಲ. ನೀರು ಹೊರುವುದು, ಅಡಿಗೆ, ತಮ್ಮ-ತಂಗಿಯರನ್ನು ನೋಡಿಕೊಳ್ಳುವುದು ಯಾರು ಎಂದು ತಾಯಂದಿರು ಕೇಳಿದರು. ಪ್ರಶ್ನೆ ನಮಗೇನೂ ಹೊಸದಲ್ಲ. ಮನೆಮನೆಗೆ ಹೋಗಿ ಒಪ್ಪಿಸಬೇಕಾಯಿತು. ಕತ್ತಲಾಗುವ ಮೊದಲೇ ಮಕ್ಕಳು ಮನೆ ಸೇರುತ್ತಾರೆಂಬ ಭರವಸೆ ಕೊಡಬೇಕಾಯಿತು.

ಕೀರ್ತಿಯೂ ಬಂತು. 1990ರಲ್ಲಿ ಇಲ್ಲಿನ ಮಕ್ಕಳು ನಾರ್ವೆ ಕಪ್ ಆಡಲು ಓಸ್ಲೋಗೆ ಹೋದರು. 1992ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ‘ಗ್ಲೋಬಲ್ 500’ ಗೌರವ ದೊರೆಯಿತು. 1994ರಲ್ಲಿ ಹುಟ್ಟಿದ ಮಥಾರೆ ಯುನೈಟೆಡ್ ತಂಡ 2008ರಲ್ಲಿ ಕೆನ್ಯಾದ ಪ್ರೀಮಿಯರ್ ಲೀಗನ್ನೇ ಗೆದ್ದಿತು. ಆ ತಂಡದಲ್ಲಿ ಆಡಿದ ಡೆನಿಸ್ ಒಲಿಯೆಚ್ ಮುಂದೆ ಫ್ರಾನ್ಸಿನ ಕ್ಲಬ್ಬುಗಳವರೆಗೂ ಬೆಳೆದರು. ಆದರೆ ಸಾವಿರಾರು ಮಕ್ಕಳಲ್ಲಿ ಒಲಿಯೆಚ್ ಆಗುವವರು ಎಷ್ಟು ಮಂದಿ? ಉಳಿದವರಿಗಾಗಿ ಏನಿದೆ ಎಂಬುದೇ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಗ್ರಂಥಾಲಯವಿದೆ, ಏಡ್ಸ್ ಬಗ್ಗೆ ಓರಗೆಯವರಿಗೆ ತಿಳಿಸಿಕೊಡುವ ತರಬೇತಿಯಿದೆ. 1997ರಲ್ಲಂತೂ ಮಕ್ಕಳ ಕೈಗೆ ಅಗ್ಗದ ಪ್ಲಾಸ್ಟಿಕ್ ಕ್ಯಾಮೆರಾ ಕೊಟ್ಟರು. ಅಲ್ಲಿಯವರೆಗೆ ಹೊರಗಿನವರು ಬಂದು ಕೊಳೆಗೇರಿಯ ಚಿತ್ರ ತೆಗೆದುಕೊಂಡು ಹೋಗುತ್ತಿದ್ದರು. ಈಗ ಮಕ್ಕಳೇ ತಮ್ಮ ಮನೆ, ಗೆಳೆಯರು, ಜಗಳ, ಹಬ್ಬಗಳ ಚಿತ್ರ ತೆಗೆದರು. 1999ರಲ್ಲಿ ಅವು ‘ಶೂಟ್‌ಬ್ಯಾಕ್’ ಎಂಬ ಪುಸ್ತಕವಾದವು.

ಒಂದು ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಕಸ ಎತ್ತುವುದು ನಗರಾಡಳಿತದ ಹೊಣೆ. ತೆರಿಗೆಯ ಹಣದಲ್ಲಿ ಆಗಬೇಕಾದ ಕೆಲಸವನ್ನು ಬಡ ಮಕ್ಕಳ ತಲೆಗೆ ಕಟ್ಟುವುದು ನ್ಯಾಯವೇ? ಸಿರಿವಂತರ ಬಡಾವಣೆಯ ಮಕ್ಕಳಿಗೆ ಈ ಷರತ್ತು ಹಾಕುವವರಿಲ್ಲ. ಇದು ಸರಿಯಾದ ಮಾತೇ. ಆದರೆ ಚರಂಡಿ ಕಟ್ಟಿಕೊಂಡರೆ ಮಳೆಯ ನೀರು ಮೊದಲು ನುಗ್ಗುವುದು ಇದೇ ಮಕ್ಕಳ ಮನೆಗೆ. ಕಚೇರಿಯ ದಾರಿ ಕಾಯುತ್ತಾ ಕೂರುವಷ್ಟು ವ್ಯವಧಾನ ಅವರಿಗಿಲ್ಲ.

2024ರ ಏಪ್ರಿಲ್‌ನಲ್ಲಿ ಸುರಿದ ಮಳೆಗೆ ಮಥಾರೆ ನದಿ ಉಕ್ಕಿತು. ಜೀವಗಳು ಹೋದವು, ದಂಡೆಯ ಮನೆಗಳು ಕೊಚ್ಚಿಹೋದವು. ಮರುತಿಂಗಳು ಸರ್ಕಾರದ ಬುಲ್ಡೋಜರುಗಳು ಬಂದು ನದಿಯಂಚಿನಲ್ಲಿ ಉಳಿದಿದ್ದ ತಗಡಿನ ಮನೆಗಳನ್ನೂ ಕೆಡವಿದವು. ಊರಿಗೆ ಊರೇ ಪಾತ್ರೆ, ಹಾಸಿಗೆ ಹೊತ್ತು ಮೇಲಿನ ರಸ್ತೆಗೆ ಬಂದು ನಿಂತಿತು. ಇಂಥ ಕಣಿವೆಯಲ್ಲಿ ಚೊಕ್ಕ ಮಾಡಿದ ಒಂದು ಚರಂಡಿಗೆ 6 ಅಂಕ ಕೊಟ್ಟದ್ದು ಹೆಚ್ಚಾಯಿತೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ.